ಹೊರೆ ಮತ್ತು ಒಡೆಯ

ಶ್ರಾವಕಾಚಾರ ಗ್ರಂಥಗಳಲ್ಲಿ ವ್ರತಗಳನ್ನು ಓದುವಷ್ಟು ಶ್ರದ್ಧೆಯಿಂದ ನಾವು ಅತಿಚಾರಗಳನ್ನು ಓದುವುದಿಲ್ಲ. ಆದರೆ ವ್ಯಾಪಾರದಲ್ಲಿ ಬಾಳಿದವನಿಗೆ ಕರಾರುಪತ್ರದ ಸಣ್ಣ ಅಕ್ಷರಗಳನ್ನೇ ಮೊದಲು ಓದುವ ಅಭ್ಯಾಸ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಆ ಅಭ್ಯಾಸದಿಂದ ಓದುತ್ತ ಹೋದರೆ ಒಂದೇ ಸಂಗತಿ ಎರಡು ಕಡೆ ಎದುರಾಗುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ‘ಅತಿಭಾರಾರೋಪಣ’ ಒಂದು. ಮುಂದೆ ಪರಿಗ್ರಹ ಪರಿಮಾಣ ಅಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ‘ಅತಿಭಾರವಹನ’. ಆರೋಪಣವೆಂದರೆ ಹೊರಿಸುವುದು, ವಹನವೆಂದರೆ ಹೊರುವುದು. ವ್ಯಾಖ್ಯಾನಕಾರರು ಎರಡನೆಯದಕ್ಕೂ ಲೋಭದಿಂದ ಮಿತಿಮೀರಿ ಹೇರುವುದೆಂಬ ಅರ್ಥವನ್ನೇ ಹೇಳುವುದುಂಟು. ಅವರ ಮಾತನ್ನು ತಳ್ಳಿಹಾಕುವ ಪಾಂಡಿತ್ಯ ನನಗಿಲ್ಲ. ಆದರೂ ಒಂದೇ ಹೊರೆ ಒಮ್ಮೆ ಹಿಂಸೆಯ ಖಾತೆಯಲ್ಲಿ, ಮತ್ತೊಮ್ಮೆ ಪರಿಗ್ರಹದ ಖಾತೆಯಲ್ಲಿ ಬರೆಯಲ್ಪಟ್ಟಿರುವುದು ಬಿ.ಕಾಂ. ಓದಿದ ನನ್ನಂಥವನಿಗೆ ಜಮಾ-ಖರ್ಚಿನ ಜೋಡಿ ನಮೂದಿನಂತೆ ತೋರುತ್ತದೆ. ಪರರ ತಲೆಯ ಮೇಲಿಟ್ಟಾಗ ಹಿಂಸೆಯಾಗುವ ಹೊರೆ, ಮೂಲದಲ್ಲಿ ನಮ್ಮ ಪರಿಗ್ರಹವೇ ಆಗಿರುತ್ತದೆ.

ಈ ವಿಚಾರ ನನ್ನಲ್ಲಿ ಗಟ್ಟಿಯಾದುದು ಒಂದು ದೋಣಿ ಪ್ರವಾಸದ ವೃತ್ತಾಂತವನ್ನು ಕೇಳಿದ ಮೇಲೆ. ನನ್ನ ಸೋದರಳಿಯ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಇಂಜಿನಿಯರ್. ಕೆಲಸದ ನಿಮಿತ್ತ ಎರಡು ವರ್ಷ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದ. ಆ ರಾಜ್ಯದ ಉತ್ತರದ ಅಂಚಿನಲ್ಲಿ, ಕೆನಡಾದ ಗಡಿಗೆ ತಾಗಿದಂತೆ, ‘ಬೌಂಡರಿ ವಾಟರ್ಸ್’ ಎಂಬ ಅರಣ್ಯವಿದೆ. ವಿಸ್ತಾರ ಹತ್ತು ಲಕ್ಷ ಎಕರೆಗಿಂತ ಹೆಚ್ಚು. ಅದರೊಳಗೆ ಸಾವಿರಕ್ಕೂ ಮಿಕ್ಕಿದ ಸರೋವರಗಳು. ಹಿಮಯುಗದ ನೀರ್ಗಲ್ಲು ಬಂಡೆಯನ್ನು ಉಜ್ಜಿ ತೋಡಿದ ಹೊಂಡಗಳು ಇವು. ನಮ್ಮ ಕೆರೆಗಳಂತೆ ಮನುಷ್ಯನು ಏರಿ ಕಟ್ಟಿ ಮಾಡಿದವಲ್ಲ. ಅಲ್ಲಿ ರಸ್ತೆಯಿಲ್ಲ, ಮನೆಯಿಲ್ಲ, ಬಹುಪಾಲು ನೀರಿನಲ್ಲಿ ಯಂತ್ರದ ದೋಣಿಗೂ ಅವಕಾಶವಿಲ್ಲ. ಕನೂ ಎಂಬ ಉದ್ದನೆಯ ಕಿರಿದೋಣಿಯನ್ನು ಹುಟ್ಟುಹಾಕಿಕೊಂಡು ಹೋಗಬೇಕು. ಒಂದು ಸರೋವರ ಮುಗಿದು ಇನ್ನೊಂದು ಸಿಗುವ ತನಕ ನಡುವೆ ನೆಲ. ಆಗ ದೋಣಿಯಿಂದ ಸಾಮಾನೆಲ್ಲ ಇಳಿಸಿ, ದೋಣಿಯನ್ನೇ ತಲೆಕೆಳಗು ಮಾಡಿ ಹೆಗಲಿಗೇರಿಸಿ, ಕಾಡಿನ ಕಾಲುದಾರಿಯಲ್ಲಿ ಮುಂದಿನ ನೀರಿನವರೆಗೆ ಹೊತ್ತು ನಡೆಯಬೇಕು. ಈ ಹೊರುವ ದಾರಿಗೆ ‘ಪೋರ್ಟೇಜ್’ ಎಂದು ಹೆಸರು. ಹೊರು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಮಾತು. ದಾರಿಯ ಉದ್ದವನ್ನು ಅಲ್ಲಿ ಇಂದಿಗೂ ‘ರಾಡ್’ ಎಂಬ ಹಳೆಯ ಮಾನದಲ್ಲಿ ಅಳೆಯುತ್ತಾರೆ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ೩೨೦ ರಾಡಿಗೆ ಒಂದು ಮೈಲಿ.

ನಾಲ್ವರು ಗೆಳೆಯರು, ಎರಡು ದೋಣಿ, ಐದು ದಿನ. ಹೊರಬೇಕಾದ ದಾರಿಗಳೆಲ್ಲ ಕೂಡಿ ಸುಮಾರು ೧೧೦೦ ರಾಡ್, ಎಂದರೆ ಐದೂವರೆ ಕಿಲೋಮೀಟರು. ಇದೇನು ದೊಡ್ಡ ದೂರ ಎಂದು ನಾನು ಕೇಳಿದೆ. ಅವನು ನಕ್ಕು, “ಮಾವ, ನೀವು ಲೆಕ್ಕದವರು. ಒಂದೇ ಸಲಕ್ಕೆ ಎಲ್ಲವನ್ನೂ ಹೊರಲು ಆಗದಿದ್ದರೆ ಎಷ್ಟಾಗುತ್ತದೆ ನೋಡಿ” ಎಂದ.

ಲೆಕ್ಕ ಹಾಕಿದಾಗ ನಿಜಕ್ಕೂ ಬೆರಗಾಯಿತು. ಹೊರೆ ಒಂದೇ ಸಲಕ್ಕೆ ಆಗುವಷ್ಟಿದ್ದರೆ ದಾರಿಯನ್ನು ಒಮ್ಮೆ ನಡೆದರೆ ಸಾಕು. ಒಂದು ಚೀಲ ಹೆಚ್ಚಾಯಿತೆನ್ನಿ. ಮೊದಲ ಹೊರೆಯನ್ನು ಆಚೆ ದಡದಲ್ಲಿಟ್ಟು, ಬರಿಗೈಯಲ್ಲಿ ಹಿಂದಿರುಗಿ, ಉಳಿದುದನ್ನು ಹೊತ್ತು ಮತ್ತೆ ಹೋಗಬೇಕು. ದಾರಿ ಎರಡು ಪಟ್ಟಲ್ಲ, ಮೂರು ಪಟ್ಟು. ಐದೂವರೆ ಕಿಲೋಮೀಟರು ಹದಿನಾರೂವರೆ ಆಗುತ್ತದೆ. ನಾವು ಪೀಣ್ಯದಲ್ಲಿ ಸಾಗಾಣಿಕೆ ಖರ್ಚನ್ನು ಟನ್ನಿಗೆ ಇಷ್ಟು ಎಂದು ನೇರವಾಗಿ ಏರಿಸುತ್ತೇವೆ, ಅಲ್ಲಿ ಹಾಗಿಲ್ಲ. ಸಹಿಸಬಹುದಾದ ಮಿತಿಯೊಂದಿದೆ, ಅದನ್ನು ಒಂದು ಸೇರು ದಾಟಿದರೂ ಶ್ರಮ ಮೂರು ಮಡಿ. ಅವರ ತಂಡದಲ್ಲೊಬ್ಬನು ಮಡಚುವ ಕುರ್ಚಿ, ಕಬ್ಬಿಣದ ಕಾವಲಿ, ಇನ್ನೂ ಏನೇನೋ ತುಂಬಿದ ಚೀಲವೊಂದನ್ನು ಹೆಚ್ಚಾಗಿ ತಂದಿದ್ದನಂತೆ. ಎರಡು ದಿನ ನಾಲ್ವರೂ ಆ ಒಂದು ಚೀಲದ ಸಲುವಾಗಿ ಪ್ರತಿ ದಾರಿಯನ್ನೂ ಮೂರು ಸಲ ನಡೆದರು. ಬಿಟ್ಟುಹೋಗೋಣವೆಂದರೆ ಕಾನೂನಿನ ತಡೆ: ಕಾಡಿನೊಳಗೆ ಒಯ್ದುದನ್ನು ಕಾಡಿನಿಂದ ಹೊರಗೆ ತರಲೇಬೇಕು. ಕೊಡೋಣವೆಂದರೆ ಎದುರಾದ ಪ್ರವಾಸಿಗರಾರಿಗೂ ಬೇಡ, ಅವರೂ ಹೊರುವವರೇ. ಅಲ್ಲಿ ಹೊರೆ ಇಳಿಯುವುದು ಉಂಡು ಮುಗಿದ ಆಹಾರದಷ್ಟು ಮಾತ್ರ. ಮೂರನೆಯ ದಿನ ಅಷ್ಟು ಆಹಾರ ಕರಗಿದ ಮೇಲೆಯೇ ಎಲ್ಲವೂ ಒಂದು ಸಲಕ್ಕೆ ಬಂತು. ಆ ಗೆಳೆಯನ ಮೇಲೆ ಯಾರೂ ಸಿಟ್ಟಾಗಲಿಲ್ಲ, ಆದರೆ ಅವನೇ ಯಾರೂ ಹೇಳದೆ ಕುರ್ಚಿಯಲ್ಲಿ ಕೂಡುವುದನ್ನು ಬಿಟ್ಟನಂತೆ.

ಆ ಅರಣ್ಯಕ್ಕೆ ಅಮೆರಿಕದ ೧೯೬೪ರ ವನ್ಯಪ್ರದೇಶ ಕಾಯಿದೆಯ ರಕ್ಷಣೆಯಿದೆ. ೧೯೭೮ರಲ್ಲಿ ಅದಕ್ಕೆಂದೇ ಇನ್ನೊಂದು ಕಾಯಿದೆ ಬಂತು. ಅಲ್ಲಿನ ನಿಯಮಗಳನ್ನು ಅಳಿಯ ಓದಿ ಹೇಳಿದಾಗ ಪರಿಗ್ರಹ ಪರಿಮಾಣದ ಪತ್ರವನ್ನೇ ಓದಿದಂತಾಯಿತು. ಒಂದು ಗುಂಪಿನಲ್ಲಿ ಒಂಬತ್ತು ಜನ, ನಾಲ್ಕು ದೋಣಿ, ಅದಕ್ಕೆ ಮೀರಬಾರದು. ಆಹಾರ ಪಾನೀಯಗಳ ತಗಡಿನ ಡಬ್ಬಿ, ಬಾಟಲಿಗಳು ಕೂಡದು. ನಿಗದಿಯಾದ ತಾಣದಲ್ಲಿ ಮಾತ್ರ ತಂಗಬೇಕು. ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನಕ್ಕೆ ಇಷ್ಟೇ ತಂಡ ಎಂಬ ಎಣಿಕೆಯ ಪರವಾನಗಿ. ಜನರ ಮಿತಿ, ವಸ್ತುವಿನ ಮಿತಿ, ಸ್ಥಳದ ಮಿತಿ, ಕಾಲದ ಮಿತಿ ನಾಲ್ಕೂ ಇವೆ. ಆದರೆ ಇದನ್ನು ಕಂಡು “ನೋಡಿ, ಪರದೇಶದವರೂ ಅಪರಿಗ್ರಹವನ್ನು ಪಾಲಿಸುತ್ತಾರೆ” ಎಂದು ಹಿಗ್ಗುವ ಲೇಖನಗಳ ಸಾಲಿಗೆ ಈ ಬರಹವನ್ನು ಸೇರಿಸಲು ನನಗೆ ಇಷ್ಟವಿಲ್ಲ. ಉಮಾಸ್ವಾಮಿಗಳು ಪರಿಗ್ರಹವೆಂದರೆ ವಸ್ತುವೆನ್ನಲಿಲ್ಲ, ಮೂರ್ಛೆ ಎಂದರು. ಹಗುರವಾದ ಚೀಲದಲ್ಲಿಯೂ ಮೂರ್ಛೆ ಇರಬಲ್ಲುದು. ಹಿಂದೆ ಅಲ್ಯೂಮಿನಿಯಮ್ಮಿನ ಕನೂ ಮೂವತ್ತು ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಈಗಿನ ಕೆವ್ಲಾರ್ ಎಂಬ ಎಳೆಯ ದೋಣಿ ಸುಮಾರು ಇಪ್ಪತ್ತು ಕಿಲೋ, ಬೆಲೆ ಮಾತ್ರ ಎಷ್ಟೋ ಪಟ್ಟು. ಡೇರೆ, ಹಾಸಿಗೆ, ಒಲೆ, ಎಲ್ಲದರ ಕಥೆಯೂ ಅಷ್ಟೆ. ನಾಲ್ಕು ದಶಕ ಬೋಲ್ಟು ನಟ್ಟುಗಳನ್ನು ತೂಕದ ಮೇಲೆ ಮಾರಿದ ನನಗೆ, ತೂಕ ಇಳಿದಂತೆಲ್ಲ ಬೆಲೆ ಏರುವ ಈ ಸರಕು ವಿಚಿತ್ರವಾಗಿ ಕಂಡಿತು. ಹಣವಿದ್ದವನು ಹಗುರತೆಯನ್ನೂ ಕೊಂಡುಕೊಳ್ಳಬಹುದು.

ಆ ದಾರಿಗಳ ಪೂರ್ವಚರಿತ್ರೆಯಂತೂ ಸಾತ್ತ್ವಿಕವಾದುದಲ್ಲ. ಅವನ್ನು ಮೊದಲು ನಡೆದು ಸವೆಸಿದವರು ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಮೊದಲಾದ ಜನರು. ಹದಿನೆಂಟನೆಯ ಶತಮಾನದಲ್ಲಿ ಅದೇ ದಾರಿಗಳು ತೊಗಲಿನ ವ್ಯಾಪಾರಕ್ಕೆ ಬಳಕೆಯಾದವು. ಐರೋಪ್ಯ ಗಣ್ಯರ ಟೋಪಿಗಾಗಿ ಬೀವರ್ ಎಂಬ ಪ್ರಾಣಿಯನ್ನು ಲೆಕ್ಕವಿಲ್ಲದಷ್ಟು ಕೊಂದರು. ಒಡೆಯರಾದ ವರ್ತಕರು ಮಾಂಟ್ರಿಯಲ್ಲಿನಲ್ಲಿ. ಹೊರುವವರು ಸಂಬಳದ ಆಳುಗಳು. ಒಂದು ಮೂಟೆ ೯೦ ಪೌಂಡು, ಎಂದರೆ ೪೧ ಕಿಲೋ. ಒಬ್ಬನು ಒಂದು ಸಲಕ್ಕೆ ಎರಡು ಮೂಟೆ ಹೊರಬೇಕು. ಸುಪೀರಿಯರ್ ಸರೋವರದ ದಡದಿಂದ ಒಳನಾಡಿಗೆ ಹೋಗುವ ‘ಗ್ರ್ಯಾಂಡ್ ಪೋರ್ಟೇಜ್’ ದಾರಿಯೊಂದೇ ಎಂಟೂವರೆ ಮೈಲಿ. ೮೨ ಕಿಲೋ ಬೆನ್ನ ಮೇಲೆ ಹೊತ್ತು ಅಷ್ಟು ದೂರ ನಡೆದವನು ಟೋಪಿ ತೊಟ್ಟವನಲ್ಲ, ಲಾಭ ಕಂಡವನೂ ಅಲ್ಲ. ಅತಿಭಾರಾರೋಪಣಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ನಾನು ಕಂಡಿಲ್ಲ. ಬೀವರ್ ಮರದ ಕೊಂಬೆ ಕೆಸರುಗಳಿಂದ ಹಳ್ಳಕ್ಕೆ ಅಡ್ಡಗಟ್ಟೆ ಹಾಕಿ ನೀರು ನಿಲ್ಲಿಸುವ ಪ್ರಾಣಿ. ನಮ್ಮ ಹಳೆಯ ಮದ್ರಾಸು ರಸ್ತೆಯಲ್ಲಿ ಕೃಷ್ಣರಾಜಪುರ ದಾಟಿದ ಮೇಲೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯಿದೆ. ವೀಳ್ಯದೆಲೆಯ ವ್ಯಾಪಾರಿಯೊಬ್ಬರು ತಮ್ಮ ಗಳಿಕೆಯಿಂದ ಕಟ್ಟಿಸಿದರೆಂದು ಜನ ಹೇಳುತ್ತಾರೆ. ಇಲ್ಲೊಬ್ಬ ವರ್ತಕನು ಕೆರೆ ಕಟ್ಟಿಸಿದ, ಅಲ್ಲಿ ವರ್ತಕರು ಕೆರೆ ಕಟ್ಟುವ ಜೀವಿಯನ್ನೇ ಕೊಲ್ಲಿಸಿದರು.

ಇಂದು ಅದೇ ದಾರಿಯಲ್ಲಿ ನಡೆಯುವವನು ತನ್ನ ಚೀಲವನ್ನು ತಾನೇ ಹೊರುತ್ತಾನೆ. ಬದಲಾದುದು ಇಷ್ಟೆ, ಆದರೆ ಸಣ್ಣ ಬದಲಾವಣೆಯಲ್ಲ. ಒಡೆಯನೂ ಹೊರುವವನೂ ಒಬ್ಬನೇ ಆದಾಗ ವಸ್ತುವಿನ ನಿಜವಾದ ತೂಕ ತಿಳಿಯುತ್ತದೆ. ಮೂರ್ಛೆ ಆಗಲೂ ಇರಬಹುದು. ಆದರೆ ಅದಕ್ಕೆ ಬೆನ್ನು ನೋವಿನ ರೂಪದಲ್ಲಿ ಒಂದು ಎಚ್ಚರಿಕೆ ದೊರೆಯುತ್ತಿರುತ್ತದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಅಳಿಯನಿಗೆ ನೀರು ಸೋಸುವ ಸಂಸ್ಕಾರ ಮನೆಯಿಂದಲೇ ಬಂದಿದೆ. ಅಲ್ಲಿ ಎಲ್ಲ ಪ್ರವಾಸಿಗರೂ ಸರೋವರದ ನೀರನ್ನು ಸೋಸಿಯೋ ಕುದಿಸಿಯೋ ಕುಡಿಯುತ್ತಾರೆ. ಆದರೆ ಅದು ಹೊಟ್ಟೆಯ ರೋಗದ ಭಯದಿಂದ. ಕ್ರಿಯೆ ಒಂದೇ, ಭಾವ ಬೇರೆ. ನಾವು ಸೋಸುವುದು ನೀರಿನೊಳಗಿನ ಜೀವದ ರಕ್ಷಣೆಗಾಗಿ. ಆದ್ದರಿಂದಲೇ ಸೋಸಿದ ಬಟ್ಟೆಯನ್ನು ಯಾವ ಬಾವಿಯ ನೀರೋ ಅದೇ ಬಾವಿಯ ನೀರಿನಲ್ಲಿ ಜಾಲಿಸಬೇಕೆಂಬ ಕಟ್ಟಳೆ. ಒಂದು ಬಾವಿಯ ಜೀವ ಇನ್ನೊಂದು ಬಾವಿಯಲ್ಲಿ ಬಾಳಲಾರದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ನಗರದ ನಲ್ಲಿ ನೀರು ಬಂದ ಮೇಲೆ ಆ ಮಾತು ನಮ್ಮ ಮನೆಗಳಲ್ಲಿ ಅರ್ಥ ಕಳೆದುಕೊಂಡಿತು. ಮಿನ್ನೆಸೋಟದಲ್ಲಿ ಅದನ್ನೇ ಹೋಲುವ ಸರ್ಕಾರಿ ಕಾನೂನು ಇದೆ. ದೋಣಿಯನ್ನು ನೀರಿನಿಂದ ತೆಗೆದಾಗ ಅಂಟಿದ ಜಲಸಸ್ಯಗಳನ್ನು ಕಿತ್ತು, ಒಳಗಿನ ನೀರನ್ನು ಬಸಿದು, ಆಮೇಲೆಯೇ ಬೇರೆ ಸರೋವರಕ್ಕೆ ಒಯ್ಯಬೇಕು. ಕಾರಣ, ಹೊರಗಿನಿಂದ ಬಂದ ಚಿಪ್ಪುಜೀವಿ, ನೀರುಚಿಗಟದಂತಹ ಕ್ರಿಮಿಗಳು ದೋಣಿಗಳಿಗಂಟಿ ಒಂದರಿಂದೊಂದಕ್ಕೆ ಹರಡಿ ಅಲ್ಲಿನ ಮೂಲಜೀವಿಗಳ ಆಹಾರವನ್ನು ಕಬಳಿಸಿವೆ. ದೋಣಿ ಹೊರುವವನು ತನಗರಿವಿಲ್ಲದೆ ಜೀವಗಳನ್ನೂ ಹೊರುತ್ತಾನೆ. ಅಜ್ಜಿಯರ ಕಟ್ಟಳೆಯನ್ನು ಕುರುಡು ಆಚಾರವೆಂದು ನಗುತ್ತಿದ್ದ ಹುಡುಗ ಈ ಸಂಗತಿಯನ್ನು ತಾನಾಗಿಯೇ ನನಗೆ ಬಿಡಿಸಿ ಹೇಳಿದ. ಅಂದಹಾಗೆ, ಜೂನ್ ತಿಂಗಳಲ್ಲಿ ಆ ಸೀಮೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ರಾತ್ರಿಭೋಜನ ತ್ಯಾಗ ಅಲ್ಲಿ ಕಷ್ಟವಾಗಲಿಲ್ಲ ಎಂದಾಗ, ವ್ರತಕ್ಕೆ ಅನುಕೂಲವಾದ ಅಕ್ಷಾಂಶವನ್ನೇ ಆರಿಸಿಕೊಂಡೆ ಎಂದು ನಾನು ತಮಾಷೆ ಮಾಡಿದೆ.

ಇತ್ತ ನಮ್ಮ ಸೀಮೆಯಲ್ಲಿ ಕೆರೆಯಿಂದ ಕೆರೆಗೆ ಯಾರೂ ದೋಣಿ ಹೊರಬೇಕಾದ ಅಗತ್ಯ ಇರಲಿಲ್ಲ; ನೀರೇ ಸ್ವತಃ ನಡೆದುಹೋಗುತ್ತಿತ್ತು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಆ ಸರಣಿಯ ಮೇಲೆಯೇ ಇಂದು ನಮ್ಮ ಮಕ್ಕಳ ಕಚೇರಿಗಳೂ ಮನೆಗಳೂ ನಿಂತಿವೆ. ನಾವು ನಗರದಲ್ಲಿ ಕಳೆದುಕೊಳ್ಳಬೇಕೆಂದ ಹೊರೆಯನ್ನೆಲ್ಲ ಆ ನೀರಿನ ಮೇಲೆ ಹೇರಿದೆವು. ೨೦೧೫, ೨೦೧೭ ಮತ್ತು ೨೦೧೮ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದನ್ನು ವಾಚಕರು ಮರೆತಿರಲಾರರು. ಜಲಕಾಯಿಕ ಜೀವದ ವಿಚಾರವನ್ನು ಪ್ರವಚನದಲ್ಲಿ ಕೇಳುವ ನಾವು, ನೀರು ಉರಿಯುವುದನ್ನು ದೂರದರ್ಶನದಲ್ಲಿ ನೋಡಿ ಎದ್ದುಹೋದೆವು.

ಅದೇ ಪ್ರದೇಶದಲ್ಲಿ ೨೦೨೨ರ ಸೆಪ್ಟೆಂಬರ್ ಮೊದಲ ವಾರ ಮಳೆನೀರು ಮನೆಗಳಿಗೆ ನುಗ್ಗಿದಾಗ ದೋಣಿಗಳೂ ಬಂದವು. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ರಬ್ಬರ್ ದೋಣಿಗಳಲ್ಲಿ ಜನರನ್ನು ಸಾಗಿಸಿದರು. ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತವು. ನನಗೆ ಪರಿಚಿತರಾದ ವೃದ್ಧ ದಂಪತಿಗಳು ಹಾಗೆ ಮನೆ ಬಿಟ್ಟವರು. ದೋಣಿಯವರು ಆಳಿಗೊಂದೇ ಚೀಲ ಎಂದರಂತೆ. ಅರ್ಧ ಗಂಟೆಯಲ್ಲಿ ಆ ತಾಯಿ ಆರಿಸಿಕೊಂಡುದು ದೇವರ ಕೋಣೆಯ ಗೇಣುದ್ದದ ಪಾರ್ಶ್ವನಾಥ ಬಿಂಬ, ಮಾತ್ರೆಗಳು, ಎರಡು ಸೀರೆ, ಮನೆಯ ಕಾಗದಪತ್ರ. ಇಪ್ಪತ್ತು ವರ್ಷ ಕೂಡಿಸಿದ ಮನೆಯಿಂದ ಒಂದು ಚೀಲ. ಇದು ತ್ಯಾಗವೇ ಎಂದು ಅವರೇ ನನ್ನನ್ನು ಕೇಳಿದರು. ಅಲ್ಲ ಎಂದೇ ಹೇಳಬೇಕಾಯಿತು. ಬಿಡಿಸಿಕೊಂಡುದು ತ್ಯಾಗವಲ್ಲ, ಬಿಟ್ಟುದು ಮಾತ್ರ ತ್ಯಾಗ. ನೀರು ಇಳಿದ ಮೇಲೆ ಕೆಟ್ಟುಹೋದ ಸೋಫಾದ ಚಿಂತೆ ಮತ್ತೆ ಬಂದೇ ಬಂತು ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಕೆರೆಯಂಚಿನ ತಗಡಿನ ಶೆಡ್ಡುಗಳಲ್ಲಿದ್ದ ಕೂಲಿಕಾರರ ಮಾತು ಬೇರೆ. ಅವರ ಬಳಿ ಮೊದಲಿಂದಲೂ ಒಂದೇ ಚೀಲವಿತ್ತು, ಅದೂ ನೆನೆಯಿತು. ಅಲ್ಪವಸ್ತು ಉಳ್ಳವನನ್ನೆಲ್ಲ ಅಪರಿಗ್ರಹಿ ಎಂದು ಹೊಗಳುವ ಚಪಲ ನಮಗಿದೆ. ಅದು ಅವನ ಬಡತನಕ್ಕೆ ಮಾಡುವ ಅವಮಾನ.

ಇಷ್ಟೆಲ್ಲ ಬರೆಯಲು ತಕ್ಷಣದ ಕಾರಣವೂ ಒಂದಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ನಮ್ಮ ಸಮಾಜದ ತರುಣ ತರುಣಿಯರು ಇಂಥದೇ ಪ್ರವಾಸವನ್ನು ಇಲ್ಲಿ ಮಾಡಬೇಕೆಂದು ಒಂದು ಬಸದಿಯ ಟ್ರಸ್ಟಿನ ಮುಂದೆ ಅರ್ಜಿ ಇಟ್ಟಿದ್ದಾರೆ: ಆನೆಗೊಂದಿ–ಹಂಪೆಯ ಬಳಿ ತುಂಗಭದ್ರೆಯಲ್ಲಿ ಮೂರು ದಿನ ಹರಿಗೋಲು, ಬಂಡೆಗಳು ಅಡ್ಡ ಬಂದಲ್ಲಿ ಹರಿಗೋಲನ್ನು ಹೊತ್ತು ನಡಿಗೆ. ಟ್ರಸ್ಟಿನವರು ನನ್ನ ಅಭಿಪ್ರಾಯ ಕೇಳಿದರು. ಸಭೆಯಲ್ಲಿ ಹಿರಿಯರೊಬ್ಬರು ಎತ್ತಿದ ಆಕ್ಷೇಪಣೆ ಬಲವಾದುದು. ಅನರ್ಥದಂಡಗಳ ಪೈಕಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ನಿಷ್ಪ್ರಯೋಜನವಾಗಿ ನೆಲ ನೀರು ಬೆಂಕಿ ಗಾಳಿಗಳನ್ನು ಕಲಕುವುದರೊಡನೆ ವೃಥಾ ತಿರುಗುವುದನ್ನೂ ತಿರುಗಿಸುವುದನ್ನೂ ಹೇಳಿದ್ದಾರೆ. ದೋಣಿ ವಿಹಾರ ಇದಲ್ಲದೆ ಇನ್ನೇನು? ಇದಕ್ಕೆ ಉತ್ತರವಾಗಿ ಇನ್ನೊಬ್ಬ ಸದಸ್ಯರು, ೧೩೮೫ರ ಗಾಣಗಿತ್ತಿ ಬಸದಿಯ ದರ್ಶನವನ್ನು ಕೊನೆಗೆ ಸೇರಿಸಿದರೆ ಅದು ತೀರ್ಥಯಾತ್ರೆಯೇ ಆಯಿತಲ್ಲ ಎಂದರು. ಈ ಜಾಣತನ ನನಗೆ ಹಿಡಿಸದು. ಒಂದು ಸರಕಿಗೆ ಇನ್ನೊಂದರ ಚೀಟಿ ಅಂಟಿಸುವುದಕ್ಕೆ ವ್ಯಾಪಾರದಲ್ಲಿ ಏನೆನ್ನುತ್ತಾರೆಂಬುದು ಎಲ್ಲರಿಗೂ ಗೊತ್ತು. ವಿಹಾರವೆಂದೇ ಒಪ್ಪಿಕೊಂಡು ವಿಚಾರ ಮಾಡೋಣ.

ಪ್ರಯೋಜನವಿಲ್ಲದ ತಿರುಗಾಟ ದೋಷವೆಂಬುದು ನಿರ್ವಿವಾದ. ಆದರೆ ಅದೇ ಅಳತೆಗೋಲನ್ನು ನಮ್ಮ ಮೇಲೂ ಇಡಬೇಕು. ಮದುವೆಗೆಂದು ಮುನ್ನೂರು ಜನರನ್ನು ಬೇರೆ ರಾಜ್ಯದ ಹೋಟೆಲಿಗೆ ಕರೆದೊಯ್ಯುವುದು, ಯಾತ್ರೆಯ ಬಸ್ಸಿನ ಹಿಂದೆ ಅಡಿಗೆಯವರ ಲಾರಿ, ಅದರ ಹಿಂದೆ ಹಾಸಿಗೆಗಳ ಲಾರಿ ಹೊರಡಿಸುವುದು, ಇವು ವೃಥಾ ತಿರುಗಿಸುವುದಲ್ಲವೇ? ಅಲ್ಲಿ ಒಬ್ಬ ಯಾತ್ರಿಕನೂ ತನ್ನ ಚೀಲ ಎಷ್ಟು ಭಾರವೆಂದು ಅರಿಯನು. ತನ್ನ ಹೊರೆಯನ್ನು ತಾನೇ ಹೊತ್ತು ಮೂರು ದಿನ ನಡೆದ ತರುಣನಿಗೆ ಪರಿಗ್ರಹ ಪರಿಮಾಣದ ಅರ್ಥ ಮೈಗೆ ತಾಗುತ್ತದೆ; ಅಷ್ಟು ಪ್ರಯೋಜನವಾದರೂ ಇದ್ದರೆ ಅದನ್ನು ಅನರ್ಥವೆನ್ನಲು ನನ್ನ ಮನಸ್ಸು ಒಪ್ಪದು. ಅಂಥ ಷರತ್ತಿಲ್ಲದಿದ್ದರೆ, ಬರಿಯ ನೀರಾಟವಾದರೆ, ಹಿರಿಯರ ಆಕ್ಷೇಪಣೆಯೇ ಸರಿ.

ಹಾಗಾದರೆ ಹರಿಗೋಲಿನವನ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ವಿಜಯನಗರಕ್ಕೆ ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿನ, ಒಳಗೆ ಬೆತ್ತ ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂದು ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ, ನಮ್ಮವರಿಗೆ ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಹೊಳೆಯ ಕೆಳಗೆ ಹೋದ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ದಡದಗುಂಟ ಹಿಂದಿರುಗುವ ಅಂಬಿಗನ ಶ್ರಮ ಹಾಗೆಯೇ ಇದೆ. ಹುಡುಗರೇ ಎಲ್ಲವನ್ನೂ ಹೊತ್ತರೆ ಅವನ ಕೂಲಿ ತಪ್ಪುತ್ತದೆ. ನನ್ನ ಗೋದಾಮಿನ ಹಮಾಲರ ವಿಚಾರದಲ್ಲಿಯೂ ಇದೇ ಪ್ರಶ್ನೆ. ಐವತ್ತು ಕಿಲೋ ಚೀಲ ಹೊರುವವನಿಗೆ ಅದು ಐವತ್ತು ಕಿಲೋ; ಬಿಲ್ಲು ಬರೆಯುವವನಿಗೆ ಒಂದು ಅಂಕಿ. ಪರರು ನಮಗಾಗಿ ಏನನ್ನೂ ಹೊರಬಾರದೆಂದರೆ ಸಂಸಾರ ನಡೆಯದು, ಶಾಸ್ತ್ರವೂ ಹಾಗೆ ಹೇಳಿಲ್ಲ. ‘ಅತಿ’ ಎಂಬ ಉಪಸರ್ಗವನ್ನು ಸೇರಿಸಿ ಹೇಳಿದೆ. ಆದರೆ ಎಂದೂ ಹೊರದವನಿಗೆ ಆ ‘ಅತಿ’ ಎಲ್ಲಿ ಶುರುವಾಗುತ್ತದೆಂಬುದು ತಿಳಿಯುವುದು ಹೇಗೆ?

ಆದ್ದರಿಂದ ಟ್ರಸ್ಟಿಗೆ ನಾನು ಬರೆದ ಉತ್ತರ ಹೀಗಿದೆ. ಅನುಮತಿ ಕೊಡಬೇಕು, ಚಾತುರ್ಮಾಸ ಕಳೆದು ಹೊಳೆ ಇಳಿದ ಮೇಲೆ ಹೋಗಬೇಕು. ಮೀನಿನ ಗಾಳ, ಕಟ್ಟಿಗೆಯ ಬೆಂಕಿ ಕೂಡದು. ಅಂಬಿಗರಿಗೆ ಪೂರ್ಣ ಕೂಲಿ ಸಲ್ಲಬೇಕು, ಆದರೆ ಹರಿಗೋಲಿಗೆ ಹುಡುಗರೂ ಹೆಗಲು ಕೊಡಬೇಕು. ಮೊಣಕಾಲು ನೋವಿನವರು, ಸೊಂಟದ ತೊಂದರೆಯುಳ್ಳವರು ಇದ್ದರೆ ಅವರ ಹೊರೆಯನ್ನು ಉಳಿದವರು ಹಂಚಿಕೊಳ್ಳಲಿ. ಕೂಲಿ ಕೊಟ್ಟು ಹೊರಿಸುವುದು ಬೇಡ. ಒಬ್ಬೊಬ್ಬರ ಚೀಲಕ್ಕೂ ಹತ್ತು ಕಿಲೋ ಮಿತಿ. ಬಸದಿಯ ಉಗ್ರಾಣದಲ್ಲಿ ಅಕ್ಕಿ ತೂಗುವ ತಕ್ಕಡಿಯಿದೆ. ಹೊರಡುವ ಬೆಳಿಗ್ಗೆ ಅದನ್ನು ಅಂಗಳಕ್ಕೆ ತಂದಿರಿಸಿ ಪ್ರತಿ ಚೀಲವನ್ನೂ ತೂಗಬೇಕು. ಮುಂದಿನ ಸಮ್ಮೇದ ಶಿಖರ್ಜಿ ಯಾತ್ರೆಗೆ ಹೊರಡುವ ಹಿರಿಯರ ಚೀಲಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕೆಂದು ಕೊನೆಯಲ್ಲಿ ಸೇರಿಸಿದ್ದೇನೆ. ಹುಡುಗರ ಅರ್ಜಿ ಮಂಜೂರಾಗಿದೆ. ಕೊನೆಯ ಸೂಚನೆಯನ್ನು ಮುಂದಿನ ಸಭೆಯ ಪರಿಶೀಲನೆಗೆ ಇಡಲಾಗಿದೆ.